ಇಸಿಇ ಇದೆ, ಐಎಸ್‌ಐ ಇಲ್ಲ: ಜರ್ಮನಿಯಿಂದ ಬರುವ ಹೆಲ್ಮೆಟ್ ದಾವಣಗೆರೆಯಲ್ಲಿ ಹಾಕಬಹುದಾ?

ಹದಡಿರೋಡ್_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನ ಮಗ ಜರ್ಮನಿಯಲ್ಲಿ ಕೆಲಸಕ್ಕಿದ್ದಾನೆ, ಯುಗಾದಿಗೆ ಊರಿಗೆ ಬರುತ್ತಿದ್ದಾನೆ. ಏನು ತರಲಿ ಅಂತ ಫೋನ್ ಮಾಡಿದ. ಹೆಲ್ಮೆಟ್ ತಗೊಂಡು ಬಾ ಅಂದೆ. ನಾನು ದಿನಾ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬೈಕಿನಲ್ಲೇ ಹೋಗಿಬರುವವನು, ಹೈವೇಯಲ್ಲಿ ಲಾರಿಗಳ ಮಧ್ಯೆ ಓಡಾಟ, ತಲೆ ಮೇಲೆ ಒಳ್ಳೆಯದೊಂದು ಇರಲಿ ಅಂತ ಆಸೆ. ಅವನು ನೋಡಿಟ್ಟಿರುವುದಕ್ಕೆ ಇಸಿಇ 22.06 ಅನ್ನುವ ಯುರೋಪಿನ ಸುರಕ್ಷತಾ ಗುರುತು ಇದೆ. ನಮ್ಮ ದೇಶದ ಐಎಸ್‌ಐ ಗುರುತು ಇಲ್ಲ, ಅಲ್ಲಿನ ಮಾರುಕಟ್ಟೆಗೆ ಮಾಡಿದ್ದು ಅದು, ಇರುವುದೂ ಇಲ್ಲ. ಈಗ ಆಫೀಸಿನಲ್ಲಿ ಒಬ್ಬರು ಹೇಳುತ್ತಾರೆ, ಅದನ್ನು ಹಾಕಿಕೊಂಡರೂ ಹೆಲ್ಮೆಟ್ ಇಲ್ಲದ ಲೆಕ್ಕವೇ, ದಂಡ ಬೀಳುತ್ತದೆ ಅಂತ. ಮೂವತ್ತು ಸಾವಿರದ ಹೆಲ್ಮೆಟ್ ಹಾಕಿದವನಿಗೆ ದಂಡ, ರಸ್ತೆ ಪಕ್ಕದ ಮುನ್ನೂರು ರೂಪಾಯಿ ಡಬ್ಬ ಹಾಕಿದವನಿಗೆ ಸಲಾಂ, ಇದು ಯಾವ ನ್ಯಾಯ? ತಿಳಿದವರು ಹೇಳಿ, ಅವನು ಇನ್ನೂ ಕೊಂಡಿಲ್ಲ.

ಜೋಗಿಮಟ್ಟಿ_ಜಾವಾ:
ಗುರು, ಸುಮ್ನೆ ತರಿಸು. ನಾನು ಇಷ್ಟು ವರ್ಷದಿಂದ ಓಡಿಸುತ್ತಿದ್ದೇನೆ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕಿದವನನ್ನು ನಿಲ್ಲಿಸಿ ಹಿಂದೆ ತಿರುಗಿಸಿ ಗುರುತು ಹುಡುಕಿದ ಪೊಲೀಸರನ್ನು ನಾನಂತೂ ನೋಡಿಲ್ಲ. ಅವರು ಹಿಡಿಯುವುದು ಅರ್ಧ ಟೋಪಿಯವರನ್ನು. ಇನ್ನು ಸರ್ಕಲ್‌ನಲ್ಲಿರುವ ಕ್ಯಾಮೆರಾಗೆ ತಲೆ ಮೇಲೆ ಏನೋ ಇದೆಯಾ ಇಲ್ಲವಾ ಅಷ್ಟೇ ಕಾಣುವುದು.

ಕರಿಕೋಟು:
ಹಿಡಿಯುತ್ತಾರಾ ಅನ್ನುವುದು ಒಂದು ಪ್ರಶ್ನೆ, ಕಾನೂನು ಏನು ಹೇಳುತ್ತದೆ ಅನ್ನುವುದು ಇನ್ನೊಂದು. ತಮ್ಮ ಕೇಳಿದ್ದು ಎರಡನೆಯದು, ಅದಕ್ಕೆ ಉತ್ತರ ಕೊಡುತ್ತೇನೆ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 129. 2019ರ ತಿದ್ದುಪಡಿ ಆದ ಮೇಲೆ ಅದು ಹೇಳುವುದು ಇಷ್ಟು: ನಾಲ್ಕು ವರ್ಷ ಮೇಲ್ಪಟ್ಟ ಯಾರೇ ಆಗಲಿ, ಓಡಿಸುವವರಾಗಲಿ ಹಿಂದೆ ಕೂತವರಾಗಲಿ, ಸಾರ್ವಜನಿಕ ಸ್ಥಳದಲ್ಲಿ ಬೈಕಿನ ಮೇಲಿದ್ದರೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಮಾನದಂಡದ ಹೆಲ್ಮೆಟ್ ಹಾಕಬೇಕು. ಪೇಟ ಸುತ್ತಿದ ಸಿಖ್ಖರಿಗೆ ವಿನಾಯಿತಿ. ತಿದ್ದುಪಡಿಗೆ ಮೊದಲು ಅಲ್ಲಿ ನೇರವಾಗಿ ಬಿಐಎಸ್, ಅಂದರೆ ಐಎಸ್‌ಐ ಗುರುತು ಕೊಡುವ ಕೇಂದ್ರದ ಸಂಸ್ಥೆಯ ಹೆಸರೇ ಇತ್ತು. ಈಗ ಪದ ಬದಲಾಗಿದೆ, ಮಾನದಂಡ ಅದೇ, ಬಿಐಎಸ್‌ನ ಐಎಸ್ 4151. ಯುರೋಪಿನದ್ದಾಗಲಿ ಅಮೆರಿಕದ್ದಾಗಲಿ ಅದಕ್ಕೆ ಸಮ ಅಂತ ಎಲ್ಲೂ ಬರೆದಿಲ್ಲ.

ಶಿಕ್ಷೆ ಸೆಕ್ಷನ್ 194ಡಿ. ಸಾವಿರ ರೂಪಾಯಿ ದಂಡ, ಮೂರು ತಿಂಗಳು ಲೈಸೆನ್ಸ್ ಅನರ್ಹ. ನಮ್ಮ ರಾಜ್ಯ 2019ರ ಸೆಪ್ಟೆಂಬರ್‌ನಲ್ಲಿ ದಂಡಗಳನ್ನು ಇಳಿಸಿದಾಗ ಇದು 500 ಆಯಿತು. ‘ಸೆಕ್ಷನ್ 129 ಮೀರಿ ಓಡಿಸಿದರೆ’ ಅಂತ ಇದೆಯೇ ಹೊರತು ‘ಬರಿ ತಲೆಯಲ್ಲಿ ಓಡಿಸಿದರೆ’ ಅಂತ ಇಲ್ಲ. ಅಂದರೆ ನಿಮ್ಮ ಆಫೀಸಿನವರು ಹೇಳಿದ್ದು ಸರಿ. ಮೂವತ್ತು ಸಾವಿರದ್ದಾದರೂ ಗುರುತು ಇಲ್ಲದಿದ್ದರೆ ಕಾಗದದ ಮೇಲೆ ಹೆಲ್ಮೆಟ್ ಇಲ್ಲ. ಆದರೆ ಮುನ್ನೂರರ ಡಬ್ಬಕ್ಕೂ ಇದೇ ಕಾನೂನು, ಅದಕ್ಕೆ ಸಲಾಂ ಹೊಡೆಯಿರಿ ಅಂತ ಯಾರೂ ಹೇಳಿಲ್ಲ.

ಹದಡಿರೋಡ್_ಹುಡುಗ:
ಸರ್, ಥ್ಯಾಂಕ್ಸ್. ಆದರೆ ಇಸಿಇ ಪರೀಕ್ಷೆ ನಮ್ಮದಕ್ಕಿಂತ ಕಠಿಣ ಅಲ್ವಾ? ಅದರಲ್ಲಿ ಪಾಸಾದದ್ದು ಇದರಲ್ಲಿ ಪಾಸಾಗದೆ ಇರುತ್ತದಾ? ಅಷ್ಟು ಸಾಮಾನ್ಯ ಜ್ಞಾನ ಕಾನೂನಿಗೆ ಬೇಡವೇ?

ಯಂತ್ರದ_ಮೇಷ್ಟ್ರು:
ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುವವನು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಹೆಲ್ಮೆಟ್‌ನಲ್ಲಿ ತಲೆ ಉಳಿಸುವುದು ಹೊರಗಿನ ಚಿಪ್ಪು ಒಂದೇ ಅಲ್ಲ. ಚಿಪ್ಪು ಪೆಟ್ಟನ್ನು ಅಗಲಕ್ಕೆ ಹರಡುತ್ತದೆ. ಒಳಗೆ ಥರ್ಮಾಕೋಲ್ ಥರದ್ದು ಒಂದು ಪದರ ಇರುತ್ತದಲ್ಲ, ಅದು ಜಜ್ಜಿಹೋಗುತ್ತಾ ತಲೆಯ ವೇಗ ಇಳಿಸುತ್ತದೆ. ತಲೆ ಗಕ್ಕನೆ ನಿಂತರೆ ಮಿದುಳು ಬುರುಡೆಗೆ ಬಡಿಯುತ್ತದೆ, ಒಂದಿಷ್ಟು ಮಿಲಿಸೆಕೆಂಡ್ ತಡವಾಗಿ ನಿಂತರೆ ಉಳಿಯುತ್ತದೆ. ಆ ಪದರ ಒಂದು ಸಲ ಜಜ್ಜಿದರೆ ಮುಗಿಯಿತು, ಮತ್ತೆ ಉಬ್ಬುವುದಿಲ್ಲ. ಅದಕ್ಕೇ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಹಾಕಬಾರದು ಅನ್ನುವುದು.

ಈಗ ಪರೀಕ್ಷೆಗೆ ಬರೋಣ. ಲೋಹದ ತಲೆ ಅಚ್ಚಿಗೆ ಹೆಲ್ಮೆಟ್ ತೊಡಿಸಿ ಕಬ್ಬಿಣದ ದಿಮ್ಮಿ ಮೇಲೆ ಬೀಳಿಸುತ್ತಾರೆ. ಹಳೆಯ ಇಸಿಇ 22.05ರಲ್ಲಿ ಸೆಕೆಂಡಿಗೆ 7.5 ಮೀಟರ್ ವೇಗ, ಒಮ್ಮೆ ಚಪ್ಪಟೆ ದಿಮ್ಮಿಗೆ, ಒಮ್ಮೆ ಫುಟ್‌ಪಾತ್ ಅಂಚಿನ ಆಕಾರದ ದಿಮ್ಮಿಗೆ. ತಲೆ ಅಚ್ಚಿನೊಳಗಿನ ಅಳತೆಯ ಉಪಕರಣ 275 ಜಿ, ಅಂದರೆ ಭೂಮಿಯ ಸೆಳೆತದ 275 ಪಟ್ಟು, ಮೀರಿ ತೋರಿಸಬಾರದು. 2021ರಲ್ಲಿ ಜಾರಿಗೆ ಬಂದ 22.06ರಲ್ಲಿ 8.2 ಮೀಟರ್ ವೇಗದ್ದೂ ಸೇರಿತು, 6 ಮೀಟರ್‌ನ ನಿಧಾನದ ಪೆಟ್ಟೂ ಸೇರಿತು. ನಿಧಾನದ್ದು ಯಾಕೆ ಅಂದರೆ ಜೋರು ಪೆಟ್ಟಿಗೆ ಅಂತಲೇ ಗಟ್ಟಿ ಮಾಡಿದ ಪದರ ಸಣ್ಣ ಪೆಟ್ಟಿಗೆ ಜಜ್ಜುವುದೇ ಇಲ್ಲ, ಪೂರ್ತಿ ತಲೆಗೇ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಓರೆ ಪೆಟ್ಟು. 45 ಡಿಗ್ರಿ ಓರೆ ಇರುವ ದಿಮ್ಮಿಗೆ ಉಪ್ಪು ಕಾಗದದಂಥ ಒರಟು ಹಾಳೆ ಅಂಟಿಸಿ ಅದರ ಮೇಲೆ ಬೀಳಿಸಿ, ತಲೆ ಎಷ್ಟು ತಿರುಚುತ್ತದೆ ಅಂತ ಅಳೆಯುತ್ತಾರೆ. ರಸ್ತೆಯಲ್ಲಿ ನಾವು ಬೀಳುವುದು ಹಾಗೇ ಅಲ್ವಾ, ತೆಂಗಿನಕಾಯಿ ಥರ ನೆಟ್ಟಗೆ ಯಾರೂ ಬೀಳುವುದಿಲ್ಲ. ಈ ತಿರುಚಿನ ಪರೀಕ್ಷೆ ನಮ್ಮ ಐಎಸ್ 4151ರ 2015ರ ಆವೃತ್ತಿಯಲ್ಲಿ ಇಲ್ಲ.

ಆದರೆ ‘ಅದು ಮೇಲು, ಇದು ಕೀಳು’ ಅಂತ ಒಂದೇ ಮಾತಿಗೆ ಮುಗಿಸಬೇಡಿ. ನಮ್ಮದರಲ್ಲಿ ಚೂಪು ಮೊಳೆಯಂಥದ್ದನ್ನು ಚಿಪ್ಪಿನ ಮೇಲೆ ಬೀಳಿಸಿ ತೂತಾಗುತ್ತದಾ ನೋಡುವ ಪರೀಕ್ಷೆ ಇದೆ. ಡಾಟ್ ಅನ್ನುವ ಅಮೆರಿಕದ ಮಾನದಂಡದಲ್ಲೂ ಇದೆ, ಮೂರು ಕೆಜಿಯದ್ದನ್ನು ಮೂರು ಮೀಟರ್ ಮೇಲಿಂದ ಬಿಡುತ್ತಾರೆ. ಇಸಿಇ 22.05ರಲ್ಲಿ ಅದು ಇರಲಿಲ್ಲ. ಅಂದರೆ ಇಸಿಇ ಪಾಸಾದದ್ದೆಲ್ಲ ತಾನಾಗಿ ನಮ್ಮದರಲ್ಲಿ ಪಾಸು ಅನ್ನಲು ಬರುವುದಿಲ್ಲ. ಬಹುಪಾಲು ಆಗಬಹುದು. ‘ಆಗಬಹುದು’ ಬೇರೆ, ‘ಆಗಿದೆ’ ಬೇರೆ.

ಚಳ್ಳಕೆರೆ_ಚೇತಕ್:
ಮೇಷ್ಟ್ರೇ, 7.5 ಮೀಟರ್ ಅಂದರೆ ಗಂಟೆಗೆ 27 ಕಿಲೋಮೀಟರ್ ಆಯಿತು. ನಾವು ಹೈವೇಯಲ್ಲಿ ಹೋಗುವುದು 80ರಲ್ಲಿ. ಮತ್ತೆ ಈ ಪರೀಕ್ಷೆಗೆ ಏನು ಬೆಲೆ?

ಯಂತ್ರದ_ಮೇಷ್ಟ್ರು:
ಒಳ್ಳೇ ಪ್ರಶ್ನೆ, ಪ್ರತಿ ಬ್ಯಾಚ್‌ನಲ್ಲೂ ಯಾರಾದರೂ ಕೇಳುತ್ತಾರೆ. 80 ಅನ್ನುವುದು ರಸ್ತೆಯ ಉದ್ದಕ್ಕೆ ಇರುವ ವೇಗ. ನೆಲಕ್ಕೆ ತಲೆ ಬಡಿಯುವ ವೇಗ ನೀವು ಎಷ್ಟು ಎತ್ತರದಿಂದ ಬೀಳುತ್ತೀರಿ ಅನ್ನುವುದರ ಮೇಲೆ ನಿಂತಿರುತ್ತದೆ. 7.5 ಮೀಟರ್ ವೇಗ ಬರಬೇಕಾದರೆ ಹೆಚ್ಚೂಕಡಿಮೆ 2.9 ಮೀಟರ್ ಎತ್ತರದಿಂದ ಬೀಳಬೇಕು. ಬೈಕ್ ಮೇಲೆ ಕೂತವನ ತಲೆ ಅಷ್ಟು ಎತ್ತರದಲ್ಲಿ ಇರುವುದಿಲ್ಲ. ಬಿದ್ದು ಜಾರಿಕೊಂಡು ಹೋದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಎದುರಿಗೆ ಲಾರಿ ಚಕ್ರವೋ ಡಿವೈಡರೋ ಸಿಕ್ಕರೆ ಯಾವ ಗುರುತಿನ ಹೆಲ್ಮೆಟ್ ಆದರೂ ಭರವಸೆ ಕೊಡಲಾರದು.

ದೂರದ_ದಾವಣಗೆರೆ:
ನಾನು ಪಿ.ಜೆ. ಬಡಾವಣೆಯವನು, ಈಗ ಕ್ಯಾಲಿಫೋರ್ನಿಯಾದಲ್ಲಿ ಇದ್ದೇನೆ. ಈ ಗೋಳು ನಿಮ್ಮದೊಂದೇ ಅಲ್ಲ. ಇಲ್ಲಿ ಡಾಟ್ ಗುರುತು ಇರಲೇಬೇಕು, ಫೆಡರಲ್ ಮಾನದಂಡ 218 ಅಂತ ಅದರ ನಂಬರು. ಯುರೋಪಿನಿಂದ ಇಸಿಇ ಮಾತ್ರ ಇರುವ ಹೆಲ್ಮೆಟ್ ತಂದು ಹಾಕಿದರೆ ಇಲ್ಲಿಯೂ ಕಾನೂನು ಪ್ರಕಾರ ಅದು ನಡೆಯುವುದಿಲ್ಲ. ತಮಾಷೆ ಏನು ಅಂದರೆ ಡಾಟ್‌ಗೆ ಮಾರುವ ಮೊದಲು ಸರ್ಕಾರದ ಕಡೆಯಿಂದ ಪರೀಕ್ಷೆಯೇ ಇಲ್ಲ. ತಯಾರಿಸಿದವರೇ ‘ನಮ್ಮದು ಪಾಸು’ ಅಂತ ಸ್ಟಿಕ್ಕರ್ ಅಂಟಿಸುತ್ತಾರೆ, ಆಮೇಲೆ ಸರ್ಕಾರದವರು ಅಂಗಡಿಯಿಂದ ಕೆಲವನ್ನು ಕೊಂಡು ಪರೀಕ್ಷೆ ಮಾಡುತ್ತಾರೆ. ಅದರಲ್ಲಿ 400 ಜಿ ತನಕ ಬಿಡುತ್ತಾರೆ, ಮೇಷ್ಟ್ರು ಹೇಳಿದ 275 ಎಲ್ಲಿ, ಇದೆಲ್ಲಿ. ಇಸಿಇಯಲ್ಲಾದರೆ ಹೊರಗಿನ ಲ್ಯಾಬ್ ಮೊದಲೇ ಪಾಸು ಮಾಡಬೇಕು.

ದೊಡ್ಡ ಕಂಪನಿಗಳು ಇದಕ್ಕೇ ಒಂದೊಂದು ದೇಶಕ್ಕೆ ಒಂದೊಂದು ಹೆಲ್ಮೆಟ್ ಮಾಡುತ್ತವೆ. ಅರೈ ಕಂಪನಿಯ ರೇಸ್ ಹೆಲ್ಮೆಟ್ ಯುರೋಪಿನಲ್ಲಿ ಆರ್‌ಎಕ್ಸ್-7ವಿ, ಇಲ್ಲಿ ಕಾರ್ಸೇರ್-ಎಕ್ಸ್. ಹಾಗಾಗಿ ‘ಒಂದೇ ಹೆಲ್ಮೆಟ್, ಗುರುತು ಮಾತ್ರ ಬೇರೆ’ ಅಂತ ಕಣ್ಣು ಮುಚ್ಚಿ ನಂಬಬೇಡಿ.

ಆಸ್ಟ್ರೇಲಿಯಾದವರು ಇದೇ ಜಗಳ ವರ್ಷಗಟ್ಟಲೆ ಆಡಿದರು. ಮೊದಲು ಅವರದೇ ಮಾನದಂಡ ಮಾತ್ರ, 2015-16ರ ಸುಮಾರಿಗೆ ಇಸಿಇಯನ್ನೂ ರಸ್ತೆಯಲ್ಲಿ ಒಪ್ಪಿಕೊಂಡರು. ನಮ್ಮಲ್ಲೂ ಬರಬಹುದು. ಬಂದಾಗ ಹಾಕಿ.

ಜೋಗಿಮಟ್ಟಿ_ಜಾವಾ:
ಇಷ್ಟೆಲ್ಲ ಯಾಕೆ ಸ್ವಾಮಿ. ಸ್ಟಿಕ್ಕರ್ ಅಂಗಡಿಯಲ್ಲಿ ಇಪ್ಪತ್ತು ರೂಪಾಯಿಗೆ ಐಎಸ್‌ಐ ಸ್ಟಿಕ್ಕರ್ ಕತ್ತರಿಸಿ ಕೊಡುತ್ತಾರೆ. ಹಿಂದೆ ಅಂಟಿಸು, ಎಲ್ಲರಿಗೂ ಖುಷಿ.

ಕರಿಕೋಟು:
ಅಣ್ಣಾ, ತಮಾಷೆಗೂ ಹೇಳಬೇಡಿ, ಹುಡುಗರು ಓದುತ್ತಾರೆ. ಲೈಸೆನ್ಸ್ ಇಲ್ಲದೆ ಐಎಸ್‌ಐ ಗುರುತು ಬಳಸುವುದು ಬಿಐಎಸ್ ಕಾಯ್ದೆ 2016ರ ಕೆಳಗೆ ಬೇರೆಯೇ ಅಪರಾಧ. 500 ರೂಪಾಯಿಯ ತಾಪತ್ರಯ ತಪ್ಪಿಸಲು ಹೋಗಿ ಅದನ್ನು ಮೈಮೇಲೆ ಎಳೆದುಕೊಳ್ಳುವುದಾ?

ವೇದಿಕೆ_ನಿರ್ವಾಹಕ:
ಸ್ಟಿಕ್ಕರ್ ಮಾತು ಇಲ್ಲಿಗೆ ನಿಲ್ಲಲಿ. ಯಾವ ಅಂಗಡಿ, ಎಷ್ಟಕ್ಕೆ ಅಂತ ಕೇಳಿ ಮೆಸೇಜ್ ಹಾಕಿದವರದ್ದು ತೆಗೆದಿದ್ದೇನೆ.

ಸ್ಕೂಟಿ_ಅಕ್ಕ:
ನಡುವೆ ಬಾಯಿ ಹಾಕುತ್ತೇನೆ, ನಂದು ಸ್ವಲ್ಪ ಬೇರೆ ಪ್ರಶ್ನೆ. ಮಗಳಿಗೆ ಮೂರು ವರ್ಷ ತುಂಬಿದೆ, ಅಂಗನವಾಡಿಗೆ ಸ್ಕೂಟಿಯಲ್ಲಿ ಬಿಡುವುದು. ಅವಳ ತಲೆಗೆ ಆಗುವ ಹೆಲ್ಮೆಟ್ ಎಲ್ಲೂ ಸಿಗಲಿಲ್ಲ, ಸಿಕ್ಕಿದ್ದು ಅವಳ ಕುತ್ತಿಗೆಗೆ ಭಾರ. ನನ್ನ ತಂಗಿ ಲಂಡನ್ನಿನಿಂದ ಮಕ್ಕಳ ಸೈಕಲ್ ಹೆಲ್ಮೆಟ್ ಕಳಿಸಿದ್ದಾಳೆ. ಅದರ ಒಳಗೆ ಇಎನ್ 1078 ಅಂತ ಅಚ್ಚಾಗಿದೆ. ಇದೂ ಕಾನೂನುಬಾಹಿರವಾ?

ಕರಿಕೋಟು:
ಅಕ್ಕಾ, ನಿಮ್ಮ ವಿಷಯದಲ್ಲಿ ಕಾನೂನು ನಿಮ್ಮ ಕಡೆ ಇದೆ! ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಅಂತ 2022ರ ಫೆಬ್ರವರಿಯಲ್ಲಿ ಕೇಂದ್ರ ಪ್ರತ್ಯೇಕ ನಿಯಮ ತಂದಿತು, ಅದು ಜಾರಿಯಾದದ್ದು 2023ರಲ್ಲಿ. ಮಗುವಿನ ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಇರಬೇಕು, ಇಲ್ಲವೇ ಸೈಕಲ್ ಹೆಲ್ಮೆಟ್ ಆದರೂ ಆಗುತ್ತದೆ. ಆ ಸೈಕಲ್ ಹೆಲ್ಮೆಟ್‌ಗೆ ಅವರು ಹೆಸರಿಸಿದ ಮಾನದಂಡಗಳಲ್ಲಿ ಯುರೋಪಿನ ಇಎನ್ 1078 ಕೂಡ ಒಂದು. ಜೊತೆಗೆ ಮಗುವನ್ನು ನಿಮಗೆ ಸೇರಿಸಿ ಕಟ್ಟುವ ಪಟ್ಟಿ ಬೇಕು, ಮಗು ಹಿಂದೆ ಕೂತಿದ್ದಾಗ ಸ್ಕೂಟಿ 40 ದಾಟಬಾರದು. ನಾಲ್ಕು ತುಂಬಿದ ದಿನದಿಂದ ಅವಳಿಗೂ ಸೆಕ್ಷನ್ 129ರ ಲೆಕ್ಕವೇ.

ಹದಡಿರೋಡ್_ಹುಡುಗ:
ಅಂದರೆ ಮೂರು ವರ್ಷದ ಪಾಪುವಿಗೆ ಯುರೋಪಿನ ಗುರುತು ನಡೆಯುತ್ತದೆ, ನನಗೆ ನಡೆಯುವುದಿಲ್ಲ. ಇದನ್ನು ನಮ್ಮ ಅಜ್ಜಿಗೆ ಹೇಳಿದರೆ ನಗುತ್ತಾರೆ.

ಸ್ಕೂಟಿ_ಅಕ್ಕ:
ನಗಲಿ ಬಿಡಿ, ನನಗಂತೂ ನಿರಾಳ ಆಯಿತು. ಪಟ್ಟಿ ಇವತ್ತೇ ತರಿಸುತ್ತೇನೆ.

ಅಶೋಕರೋಡ್_ಅಂಗಡಿ:
ನಾನು ಹೆಲ್ಮೆಟ್ ವ್ಯಾಪಾರದವನು. ಅಂಗಡಿ ಕಡೆಯ ಕಥೆಯನ್ನೂ ಕೇಳಿ. 2020ರ ನವೆಂಬರ್‌ನಲ್ಲಿ ಹೆಲ್ಮೆಟ್‌ಗಳ ಗುಣಮಟ್ಟ ನಿಯಂತ್ರಣ ಆದೇಶ ಬಂತು, 2021ರ ಜೂನ್ 1ರಿಂದ ಜಾರಿ. ಅಲ್ಲಿಂದ ಐಎಸ್‌ಐ ಇಲ್ಲದ ಬೈಕ್ ಹೆಲ್ಮೆಟ್ ತಯಾರಿಸುವ ಹಾಗಿಲ್ಲ, ಆಮದು ಮಾಡುವ ಹಾಗಿಲ್ಲ, ಸಂಗ್ರಹಿಸಿ ಇಡುವ ಹಾಗಿಲ್ಲ, ಮಾರುವ ಹಾಗಿಲ್ಲ. ನಿಮಗೆ 500 ದಂಡ, ನನಗೆ ಲಕ್ಷದ ಲೆಕ್ಕ. ಗಿರಾಕಿಗಳು ಬಂದು ‘ಡಾಟ್ ಇದೆಯಾ’ ಅಂತ ಮೊದಲು ಕೇಳುತ್ತಾರೆ, ಐಎಸ್‌ಐ ಇದೆಯಾ ಅಂತ ಕೇಳುವವರೇ ಕಡಿಮೆ. ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿಗೆ ಡಾಟ್ ಅಂತ ಬರೆದ ಮಾಲು ಬರುತ್ತದೆ. ಆ ಸ್ಟಿಕ್ಕರ್ ಹೆಬ್ಬೆರಳಿನ ಉಗುರಿನಲ್ಲಿ ಎಬ್ಬಿಸಿದರೆ ಎದ್ದು ಬರುತ್ತದೆ, ಅಂಥದ್ದನ್ನು ಗಿರಾಕಿಯೊಬ್ಬರು ತಂದು ತೋರಿಸಿದ್ದರು. ಒಳಗಿನ ಪದರ ಒತ್ತಿದರೆ ಟಿವಿ ಡಬ್ಬದಲ್ಲಿ ಬರುವ ಥರ್ಮಾಕೋಲ್‌ನ ಹಾಗೆ ಉದುರುತ್ತಿತ್ತು.

ತಮ್ಮಾ, ನಿನಗೆ ಬೇಕಾದ್ದು ಇಲ್ಲೇ ಇದೆ. ಎರಡೂ ಗುರುತು ಇರುವ ಹೆಲ್ಮೆಟ್‌ಗಳು ಬರುತ್ತವೆ. ಎಸ್‌ಎಂಕೆ, ಆಕ್ಸರ್, ಎಂಟಿ, ಎಲ್‌ಎಸ್2 ಇವುಗಳಲ್ಲಿ ಐಎಸ್‌ಐ ಜೊತೆ ಇಸಿಇ ಇರುವ ಮಾಡೆಲ್‌ಗಳಿವೆ. ಎಲ್ಲ ಮಾಡೆಲ್‌ಗೂ ಇರುವುದಿಲ್ಲ, ಕೆಲವಕ್ಕೆ ಹಳೆಯ 22.05 ಇರುತ್ತದೆ, ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು. ಆಕ್ಸರ್ ಅಂದರೆ ನಮ್ಮ ಬೆಳಗಾವಿಯ ವೇಗಾದವರದ್ದೇ. ಐದು ಸಾವಿರದ ಆಸುಪಾಸಿನಿಂದ ಶುರು. ಜರ್ಮನಿಯಿಂದಲೇ ಬರಬೇಕು ಅಂತಿಲ್ಲ.

ಹರಿಹರ_ಹಿಮಾಲಯನ್:
ಅಂಗಡಿಯಣ್ಣ ಅಂಗಡಿ ಮಾತು ಆಡಿದ್ದಾರೆ, ತಪ್ಪಿಲ್ಲ. ಆದರೆ ಐಎಸ್‌ಐ ಅಂದ ತಕ್ಷಣ ದೇವರ ಪ್ರಸಾದ ಅನ್ನುವಂತೆ ಮಾತಾಡುವುದು ನನಗೆ ಆಗುವುದಿಲ್ಲ. ಪಿ.ಬಿ. ರೋಡ್ ಪಕ್ಕ ಹಗ್ಗಕ್ಕೆ ನೇತು ಹಾಕಿ ಮಾರುತ್ತಾರಲ್ಲ, ಅದರ ಮೇಲೂ ಐಎಸ್‌ಐ ಅಂತ ಇರುತ್ತದೆ. ಯಾರು ಪರೀಕ್ಷೆ ಮಾಡಿದ್ದಾರೆ? ಜರ್ಮನಿಯ ಅಸಲಿ ಇಸಿಇ ಒಂದು ಕಡೆ, ಇಲ್ಲಿನ ನಕಲಿ ಐಎಸ್‌ಐ ಇನ್ನೊಂದು ಕಡೆ ಇಟ್ಟರೆ ನಾನು ಮೊದಲನೆಯದನ್ನೇ ಹಾಕುತ್ತೇನೆ, ದಂಡ ಕಟ್ಟಿಯಾದರೂ ಸರಿ.

ಅಶೋಕರೋಡ್_ಅಂಗಡಿ:
ಅಸಲಿಗೆ ಅಸಲಿ ಹೋಲಿಸಿ ಸರ್, ಅಸಲಿಗೆ ನಕಲಿ ಯಾಕೆ? ನಕಲಿ ಇಸಿಇ ಕೂಡ ಬೇಕಾದಷ್ಟಿದೆ.

ನಕಲಿ ಐಎಸ್‌ಐ ಹಿಡಿಯುವುದು ಕಷ್ಟ ಅಲ್ಲ. ಗುರುತಿನ ಮೇಲೆ ಐಎಸ್ 4151 ಅಂತ ಇರಬೇಕು, ಕೆಳಗೆ ಸಿಎಂ/ಎಲ್ ಅಂತ ಬರೆದು ಮುಂದೆ ಒಂದು ನಂಬರು. ಅದು ಆ ಕಂಪನಿಯ ಲೈಸೆನ್ಸ್ ನಂಬರು. ಮೊಬೈಲ್‌ನಲ್ಲಿ ಬಿಐಎಸ್ ಕೇರ್ ಅನ್ನುವ ಆ್ಯಪ್ ಹಾಕಿಕೊಂಡು ನಂಬರು ಕೊಟ್ಟರೆ ಯಾವ ಕಂಪನಿ, ಯಾವ ಊರು, ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಎಲ್ಲ ಬರುತ್ತದೆ. ಹಗ್ಗದಲ್ಲಿ ತೂಗುವ ಬಹಳಷ್ಟರಲ್ಲಿ ನಂಬರೇ ಇರುವುದಿಲ್ಲ. ಇದ್ದರೆ ಬೇರೆ ಯಾರದ್ದೋ ನಂಬರು ಇರುತ್ತದೆ. 2025ರ ಜುಲೈನಲ್ಲಿ ಕೇಂದ್ರದವರೇ ಹೇಳಿದ್ದರು, ದೆಹಲಿಯಲ್ಲಿ ಒಂಬತ್ತು ತಯಾರಕರಿಂದ ಎರಡೂವರೆ ಸಾವಿರಕ್ಕೂ ಹೆಚ್ಚು ಹೆಲ್ಮೆಟ್ ವಶಪಡಿಸಿಕೊಂಡಿದ್ದಾರೆ, ಅವರ ಲೈಸೆನ್ಸ್ ಅವಧಿ ಮುಗಿದಿತ್ತು ಅಥವಾ ರದ್ದಾಗಿತ್ತು ಅಂತ. ಅದಕ್ಕೇ ಚಾಲ್ತಿಯಲ್ಲಿದೆಯಾ ಅಂತ ನೋಡಿ ಅಂದದ್ದು. ಆಗ ದೇಶದಲ್ಲಿ ಸರಿಯಾದ ಲೈಸೆನ್ಸ್ ಇದ್ದ ಹೆಲ್ಮೆಟ್ ತಯಾರಕರು 176.

ದುರ್ಗದ_ಗಾಳಿ:
ಹೌದು, ಇಸಿಇ ಅಸಲಿಯಾ ಅಂತ ನೋಡುವುದು ಹೇಗೆ? ಯಾರೂ ಹೇಳಲಿಲ್ಲ.

ದೂರದ_ದಾವಣಗೆರೆ:
ಹಿಂದಿನ ಸ್ಟಿಕ್ಕರ್ ನೋಡಬೇಡಿ. ಗದ್ದದ ಪಟ್ಟಿ ನೋಡಿ. ಪಟ್ಟಿಗೆ ಒಂದು ಬಟ್ಟೆ ಚೀಟಿ ಹೊಲಿದಿರುತ್ತಾರೆ, ಕೆಲವದರಲ್ಲಿ ಕೆನ್ನೆಯ ಮೆತ್ತೆ ತೆಗೆದರೆ ಕಾಣುತ್ತದೆ. ವೃತ್ತದ ಒಳಗೆ ಇಂಗ್ಲಿಷಿನ ‘ಇ’ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ನಂಬರು. ಜರ್ಮನಿ 1, ಫ್ರಾನ್ಸ್ 2, ಇಟಲಿ 3, ನೆದರ್‌ಲ್ಯಾಂಡ್ಸ್ 4, ಸ್ಪೇನ್ 9. ಅದು ಒಪ್ಪಿಗೆ ಕೊಟ್ಟ ದೇಶ, ತಯಾರಾದ ದೇಶ ಅಲ್ಲ. ಕೆಳಗಿನ ಉದ್ದ ನಂಬರು 06ರಿಂದ ಶುರುವಾದರೆ 22.06, 05ರಿಂದ ಆದರೆ ಹಳೆಯದು. ನಂಬರಿನ ಜೊತೆ ‘ಪಿ’ ಇದ್ದರೆ ಗದ್ದದ ಭಾಗಕ್ಕೂ ರಕ್ಷಣೆ ಪರೀಕ್ಷೆ ಆಗಿದೆ, ‘ಜೆ’ ಇದ್ದರೆ ಮುಖ ತೆರೆದಿರುವ ಮಾದರಿ. ಗದ್ದ ಎತ್ತುವ ಹೆಲ್ಮೆಟ್‌ಗೆ ಎರಡೂ ಅಕ್ಷರ ಇದ್ದರೆ ಗದ್ದ ಮೇಲೆತ್ತಿ ಓಡಿಸಲೂ ಒಪ್ಪಿಗೆ ಇದೆ ಅಂತ.

ಹರಿಹರ_ಹಿಮಾಲಯನ್:
ಇದು ಉಪಯೋಗದ ಮಾಹಿತಿ. ಮತ್ತೆ ಆ 1.2 ಕೆಜಿ ಕಥೆ ಏನಾಯಿತು? ಭಾರದ ಹೆಲ್ಮೆಟ್‌ಗೆ ಐಎಸ್‌ಐ ಕೊಡುವುದೇ ಇಲ್ಲ, ಅದಕ್ಕೇ ವಿದೇಶದವು ಬರುವುದಿಲ್ಲ ಅಂತ ಕೇಳಿದ್ದೆ.

ಅಶೋಕರೋಡ್_ಅಂಗಡಿ:
ಅದು ಹಳೇ ಕಥೆ. 2018ರಲ್ಲಿ ತೂಕದ ಮಿತಿಯನ್ನು ಒಂದೂವರೆಯಿಂದ 1.2 ಕೆಜಿಗೆ ಇಳಿಸಿದ್ದರು. ವಿದೇಶಿ ಹೆಲ್ಮೆಟ್ ಬಹುತೇಕ ಎಲ್ಲವೂ ಅದಕ್ಕಿಂತ ಜಾಸ್ತಿ ತೂಗುತ್ತವೆ, ಅವರು ಗಲಾಟೆ ಮಾಡಿದರು. ಆಮೇಲೆ ಆ ಮಿತಿ ತೆಗೆದರು. ಈಗ ವಿದೇಶಿ ಕಂಪನಿಯೂ ಅರ್ಜಿ ಹಾಕಿ, ಪರೀಕ್ಷೆ ಮಾಡಿಸಿ ಐಎಸ್‌ಐ ಪಡೆಯಬಹುದು. ಕೆಲವರು ಪಡೆದಿದ್ದಾರೆ, ಕೆಲವರಿಗೆ ನಮ್ಮ ಮಾರುಕಟ್ಟೆ ಅಷ್ಟು ದೊಡ್ಡದಾಗಿ ಕಂಡಿಲ್ಲ.

ದುರ್ಗದ_ಗಾಳಿ:
ಗುರುತಿನ ಜಗಳ ಸಾಕು, ನಾನು ರಸ್ತೆಯ ಮಾತು ಹೇಳುತ್ತೇನೆ. ದಾವಣಗೆರೆ-ದುರ್ಗ ಹೈವೇಯಲ್ಲಿ ಆಷಾಢದಲ್ಲಿ ಓಡಿಸಿದ್ದೀರಾ? ದುರ್ಗದ ಹತ್ತಿರ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಲಾರಿ ಪಕ್ಕದಿಂದ ಹೊರಬಂದ ಕ್ಷಣಕ್ಕೆ ಗಾಳಿ ಬಂದು ತಲೆಯನ್ನು ಹೆಗಲ ಕಡೆಗೆ ತಳ್ಳುತ್ತದೆ. ಮುಂದೆ ಟೋಪಿಯ ಮೂತಿ ಇರುವ ಅಡ್ವೆಂಚರ್ ಹೆಲ್ಮೆಟ್ ಹಾಕಿದರೆ ಕುತ್ತಿಗೆ ಹಿಡಿದುಕೊಳ್ಳುವುದು ಖಂಡಿತ. ನೋಡಲು ಚೆಂದ, ಈ ರಸ್ತೆಗೆ ಬೇಡ. ತಮ್ಮಾ, ನಿನ್ನ ಅಣ್ಣ ನೋಡಿಟ್ಟಿರುವುದು ಅಂಥದ್ದಾ?

ಇನ್ನೊಂದು, ಹಾಕಿ ನೋಡದೆ ಹೆಲ್ಮೆಟ್ ತರಿಸುವುದೇ ನನಗೆ ಹಿಡಿಸುವುದಿಲ್ಲ. ತಲೆಯ ಸುತ್ತಳತೆ ಒಂದೇ ಇದ್ದರೂ ಆಕಾರ ಬೇರೆ ಇರುತ್ತದೆ. ಕೆಲವರದ್ದು ಗುಂಡು, ಕೆಲವರದ್ದು ಹಿಂದಕ್ಕೆ ಉದ್ದ. ಆಕಾರ ಹೊಂದದಿದ್ದರೆ ಹಿರಿಯೂರು ಮುಟ್ಟುವುದರೊಳಗೆ ಹಣೆಯ ನಡುವೆ ಕೆಂಪು ಗೆರೆ ಬಿದ್ದು ತಲೆ ಸಿಡಿಯುತ್ತದೆ, ಆಗ ಜನ ಏನು ಮಾಡುತ್ತಾರೆ, ಸಡಿಲದ ಸೈಜ್ ತಗೊಳ್ಳುತ್ತಾರೆ. ಸಡಿಲ ಹೆಲ್ಮೆಟ್ ಬಿದ್ದಾಗ ತಲೆಗಿಂತ ಮೊದಲು ಹೋಗುತ್ತದೆ. ಅಂಗಡಿಯಲ್ಲಿ ಹಾಕಿ, ಪಟ್ಟಿ ಬಿಗಿದು, ಹಿಂದಿನಿಂದ ಎರಡೂ ಕೈಯಲ್ಲಿ ಮುಂದಕ್ಕೆ ತಳ್ಳಿ ನೋಡಿ. ಕಳಚಿ ಬಂದರೆ ಬೇಡ. ಕೆನ್ನೆ ಸ್ವಲ್ಪ ಒತ್ತುತ್ತಿರಬೇಕು. ಹತ್ತು ನಿಮಿಷ ಹಾಕಿಕೊಂಡೇ ಅಂಗಡಿಯಲ್ಲಿ ಕೂರಿ, ಅಂಗಡಿಯವರು ಏನಾದರೂ ಅಂದುಕೊಳ್ಳಲಿ.

ಅಶೋಕರೋಡ್_ಅಂಗಡಿ:
ನಾವು ಏನೂ ಅಂದುಕೊಳ್ಳುವುದಿಲ್ಲ ಅಣ್ಣಾ, ಏಪ್ರಿಲ್‌ನಲ್ಲಿ ಫ್ಯಾನ್ ಕೆಳಗೆ ಕೂರಿಸುತ್ತೇವೆ.

ಹದಡಿರೋಡ್_ಹುಡುಗ:
ದುರ್ಗದಣ್ಣಾ, ಮೂತಿ ಇರುವುದೇ ಅದು. ಫೋಟೋ ನೋಡಿ ಮರುಳಾಗಿದ್ದೆ ಅನ್ನಿ. ಕರಿಕೋಟು ಸರ್, ಕೊನೆಯದಾಗಿ ಒಂದು. 500 ರೂಪಾಯಿ ಹೋಗಲಿ ಅಂತ ಇಸಿಇ ಮಾತ್ರ ಇರುವುದನ್ನೇ ಹಾಕಿದರೆ, ದೇವರು ದೊಡ್ಡವನು, ಏನಾದರೂ ಅಪಘಾತ ಆದರೆ ಇನ್ಶೂರೆನ್ಸ್‌ಗೆ ತೊಂದರೆಯಾ?

ಕರಿಕೋಟು:
ಸರಿಯಾದ ಕಡೆ ಕೈ ಇಟ್ಟೆ. ದಂಡಕ್ಕಿಂತ ಇದನ್ನೇ ಮೊದಲು ಯೋಚಿಸಬೇಕು. ಮೋಟಾರು ಅಪಘಾತ ಪರಿಹಾರದ ಕೇಸಿನಲ್ಲಿ ಇನ್ಶೂರೆನ್ಸ್ ಕಂಪನಿಯ ವಕೀಲರು ಗಾಯಾಳುವಿನದ್ದೂ ಪಾಲಿದೆ ಅಂತ ತೋರಿಸಲು ನೋಡುತ್ತಾರೆ, ಅದು ಅವರ ಕೆಲಸ. ಹೆಲ್ಮೆಟ್ ಇರಲಿಲ್ಲ ಅನ್ನುವುದು ಅವರ ಮಾಮೂಲಿ ಮಾತು. ಕಾನೂನು ಒಪ್ಪದ ಹೆಲ್ಮೆಟ್ ಇತ್ತು ಅನ್ನುವುದನ್ನೂ ಅದೇ ಚೀಲಕ್ಕೆ ಹಾಕಲು ಪ್ರಯತ್ನಿಸಬಹುದು. ಕೋರ್ಟು ಒಪ್ಪುತ್ತದಾ ಇಲ್ಲವಾ, ಅದು ಆಯಾ ಕೇಸಿನ ಸಾಕ್ಷಿಯ ಮೇಲೆ. ಒಳ್ಳೆಯ ಹೆಲ್ಮೆಟ್, ತಲೆ ಉಳಿದಿದೆ, ಕಾಲು ಮುರಿದಿದೆ ಅಂದರೆ ಹೆಲ್ಮೆಟ್ ಗುರುತಿಗೂ ಕಾಲಿಗೂ ಏನು ಸಂಬಂಧ ಅಂತ ನಾನೇ ವಾದ ಮಾಡುತ್ತೇನೆ. ಆದರೆ ತಲೆಗೇ ಪೆಟ್ಟಾಗಿದ್ದರೆ ಆ ವಾದ ಎಳೆಯುತ್ತಾ ಹೋಗುತ್ತದೆ. ಮನೆಯವರು ಕೋರ್ಟಿಗೆ ಅಲೆಯುವಾಗ ಎದುರಿನವರ ಕೈಗೆ ನಾವೇ ಒಂದು ಬೆತ್ತ ಕೊಟ್ಟ ಹಾಗೆ ಆಗಬಾರದು.

ಹಾಗಂತ ಇಸಿಇ ಮಾತ್ರ ಇರುವುದಕ್ಕೆ ಎಲ್ಲೂ ಜಾಗ ಇಲ್ಲ ಅಂತಲ್ಲ. ಸೆಕ್ಷನ್ 129 ಹೇಳುವುದು ಸಾರ್ವಜನಿಕ ಸ್ಥಳದ ಮಾತು. ಕೊಯಮತ್ತೂರಿನದ್ದೋ ಚೆನ್ನೈನದ್ದೋ ರೇಸ್ ಟ್ರ್ಯಾಕಿಗೆ ಹೋಗುವವರು ಅಲ್ಲಿ ಧಾರಾಳವಾಗಿ ಹಾಕಿಕೊಳ್ಳಬಹುದು.

ಹರಿಹರ_ಹಿಮಾಲಯನ್:
ಟ್ರ್ಯಾಕಿಗೆ ನಮ್ಮಂಥವರು ಎಲ್ಲಿ ಹೋಗುವುದು ಸರ್, ಹರಿಹರದ ಸೇತುವೆ ದಾಟಿದರೆ ಸಾಕಾಗಿದೆ. ಆದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಸರ್ಕಾರ ಇಸಿಇ 22.06 ಇರುವುದನ್ನು ರಸ್ತೆಗೆ ಒಪ್ಪಿಕೊಳ್ಳಬೇಕು. ಅಲ್ಲಿಯವರೆಗೆ ಎರಡೂ ಗುರುತಿನದ್ದು ಹಾಕುವುದು ಸರಿ ಅಂತ ಬೇಕಾದರೆ ಒಪ್ಪುತ್ತೇನೆ.

ಜೋಗಿಮಟ್ಟಿ_ಜಾವಾ:
ಒಪ್ಪಿದ್ದು ಆಶ್ಚರ್ಯ. ನಾನೂ ನನ್ನ ಹೆಲ್ಮೆಟ್‌ನ ಸಿಎಂ/ಎಲ್ ನಂಬರು ಆ್ಯಪ್‌ಗೆ ಹಾಕಿ ನೋಡಿದೆ, ಚಾಲ್ತಿಯಲ್ಲಿದೆ ಅಂತ ಬಂತು. ಹೆಂಡತಿಯದ್ದರಲ್ಲಿ ನಂಬರೇ ಕಾಣಲಿಲ್ಲ. 2016ರಲ್ಲಿ ಹಿಂದೆ ಕೂರುವವರಿಗೂ ಕಡ್ಡಾಯ ಅಂದಾಗ ಗಡಿಬಿಡಿಯಲ್ಲಿ ತಗೊಂಡದ್ದು ಅದು.

ಸ್ಕೂಟಿ_ಅಕ್ಕ:
ಅಣ್ಣಾ, 2016ರದ್ದನ್ನು ಇನ್ನೂ ಹಾಕಿಸುತ್ತಿದ್ದೀರಾ? ಮೊದಲು ಅವರಿಗೆ ಹೊಸದು ತನ್ನಿ, ಆಮೇಲೆ ಇಲ್ಲಿ ಮಾತಾಡಿ.

ಯಂತ್ರದ_ಮೇಷ್ಟ್ರು:
ಅಕ್ಕ ಹೇಳಿದ್ದು ಸರಿ. ಬೀಳದೆ ಇದ್ದರೂ ಐದು ವರ್ಷದ ಹೊತ್ತಿಗೆ ಬದಲಿಸಿ ಅಂತ ಬಹಳ ತಯಾರಕರೇ ಹೇಳುತ್ತಾರೆ. ಬೆವರು, ತಲೆಗೆ ಹಾಕುವ ಎಣ್ಣೆ, ಬಿಸಿಲಲ್ಲಿ ಬೈಕಿನ ಕನ್ನಡಿಗೆ ನೇತುಹಾಕುವುದು ಎಲ್ಲ ಸೇರಿ ಒಳಗಿನ ಮೆತ್ತೆ, ಅಂಟು, ಪಟ್ಟಿ ಸವೆಯುತ್ತವೆ. ಪೆಟ್ರೋಲ್ ಒರೆಸಿ ಹೊಳಪು ಬರಿಸುವವರೂ ಇದ್ದಾರೆ, ದಯವಿಟ್ಟು ಬೇಡ, ಪ್ಲಾಸ್ಟಿಕ್ ಚಿಪ್ಪು ಒಳಗೊಳಗೇ ಬಿರಿಯುತ್ತದೆ. ಸೋಪಿನ ನೀರು ಸಾಕು.

ಹದಡಿರೋಡ್_ಹುಡುಗ:
ಸರಿ, ಅಣ್ಣನಿಗೆ ಈಗಷ್ಟೇ ಮೆಸೇಜ್ ಹಾಕಿದೆ, ಹೆಲ್ಮೆಟ್ ಬೇಡ, ಅದರ ಬದಲು ರೈಡಿಂಗ್ ಗ್ಲೌಸ್ ತಾ ಅಂತ. ಗ್ಲೌಸ್‌ಗೂ ಏನಾದರೂ ಸೆಕ್ಷನ್ ಇದೆಯಾ ಸರ್?

ಕರಿಕೋಟು:
ಇಲ್ಲ. ಹಾಕಲೇಬೇಕು ಅಂತ ಕಾನೂನು ಹೇಳಿಲ್ಲ, ಇಂಥದ್ದೇ ಹಾಕು ಅಂತಲೂ ಹೇಳಿಲ್ಲ. ಧೈರ್ಯವಾಗಿ ತರಿಸು.

ಹದಡಿರೋಡ್_ಹುಡುಗ:
ಅಂಗಡಿಯಣ್ಣಾ, ಭಾನುವಾರ ತೆಗೆದಿರುತ್ತೀರಾ? ಮೂತಿ ಇಲ್ಲದ್ದು, ಎರಡೂ ಗುರುತಿನದ್ದು, 22.06 ಇರುವುದೇ ಬೇಕು. ನನ್ನ ತಲೆ ಟೇಪಿನಲ್ಲಿ 59 ಸೆಂಟಿಮೀಟರ್ ಬಂತು.

ಅಶೋಕರೋಡ್_ಅಂಗಡಿ:
ಮಧ್ಯಾಹ್ನ ಎರಡರವರೆಗೆ ಇರುತ್ತೇನೆ. 59 ಅಂದರೆ ಎಲ್ ಸೈಜ್ ಆಗಬಹುದು, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುತ್ತದೆ, ಎಂ ಕೂಡ ತೆಗೆದಿಡುತ್ತೇನೆ. ಕನ್ನಡಕ ಹಾಕುವವನಾದರೆ ಅದನ್ನೂ ತಾ, ಕನ್ನಡಕದ ಕಡ್ಡಿ ಒಳಗೆ ಹೋಗುತ್ತದಾ ನೋಡಬೇಕು.